ಕೌದಿಗೆ ಅಂಚುಪಟ್ಟಿ ಕೂರಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕೌದಿ ಹೊಲಿಯುವವರು ಮಾತಿಗೆ ಸಿಕ್ಕಾಗ, ಪತ್ರ ಬರೆದಾಗ ನನ್ನನ್ನು ಹೆಚ್ಚಾಗಿ ಕೇಳುವುದು ಅಂಚಿನ ವಿಷಯವನ್ನೇ. ತುಂಡು ಜೋಡಿಸುವಾಗ, ಮೂರು ಪದರ ಸೇರಿಸಿ ಹೊಲಿಯುವಾಗ ಇದ್ದ ತಾಳ್ಮೆ ಕೊನೆಯ ನಾಲ್ಕು ಬದಿಗಳ ಹೊತ್ತಿಗೆ ತೀರಿರುತ್ತದೆ. ಕೌದಿ ಸವೆಯತೊಡಗುವುದು ಮಾತ್ರ ಆ ನಾಲ್ಕು ಬದಿಗಳಿಂದಲೇ. ಹಾಗಾಗಿ ಕೇಳಿದವರ ಮಾತಿನಲ್ಲೇ ಪ್ರಶ್ನೆಗಳನ್ನಿಟ್ಟು, ಸುಲಭದ್ದರಿಂದ ಕಷ್ಟದ್ದರ ಕಡೆಗೆ ಉತ್ತರಿಸುತ್ತಾ ಹೋಗಿದ್ದೇನೆ. ಅಳತೆಗಳೆಲ್ಲ ಇಂಚಿನಲ್ಲಿವೆ.

## ಮೊದಲು ತಿಳಿಯಬೇಕಾದದ್ದು

ಅಂಚುಪಟ್ಟಿ ನಿಜಕ್ಕೂ ಬೇಕೇ? ತುದಿಗಳನ್ನು ಒಳಗೆ ಮಡಚಿ ಹೊಲಿದರೆ ಸಾಲದೇ?

ಕೌದಿಯಲ್ಲಿ ಮೂರು ಪದರಗಳಿರುತ್ತವೆ: ಮೇಲ್ಪದರ, ಬೆಚ್ಚಗಿಡುವ ನಡುಪದರ, ಅಡಿಪದರ. ಹೊದೆಯುವಾಗ ಕೈ ಹಿಡಿಯುವುದು, ಗಲ್ಲಕ್ಕೆ ಉಜ್ಜುವುದು, ಮಂಚದ ಕಟ್ಟಿಗೆ ತಾಗುವುದು, ಒಗೆಯುವಾಗ ಹೆಚ್ಚು ತಿಕ್ಕಾಟಕ್ಕೆ ಸಿಗುವುದು ಎಲ್ಲವೂ ಅಂಚೇ. ಬೇರೆ ಬಟ್ಟೆಯ ಪಟ್ಟಿಯೊಂದು ಮೂರೂ ಪದರಗಳ ತುದಿಯನ್ನು ಕವಿದು ಹಿಡಿದರೆ ಆ ಸವೆತವನ್ನು ಪಟ್ಟಿ ತಿನ್ನುತ್ತದೆ, ಕೌದಿ ಉಳಿಯುತ್ತದೆ. ಪಟ್ಟಿ ಹರಿದರೆ ಬಿಚ್ಚಿ ಇನ್ನೊಂದನ್ನು ಹಾಕಬಹುದು.

ಮೇಲ್ಪದರ ಮತ್ತು ಅಡಿಪದರಗಳ ತುದಿಯನ್ನು ಒಳಗೆ ಮಡಚಿ ಹೊಲಿಯುವುದೂ ಹಳೆಯ ಕ್ರಮವೇ, ತಪ್ಪೇನಲ್ಲ. ಆದರೆ ಅಲ್ಲಿ ಸವೆಯುವುದು ಮೇಲ್ಪದರವೇ. ತುಂಬ ಮನಸ್ಸಿಟ್ಟು ಜೋಡಿಸಿದ ಮೇಲ್ಪದರವಾದರೆ ಅದನ್ನು ಸವೆತಕ್ಕೆ ಒಡ್ಡಲು ನನಗೆ ಮನಸ್ಸಾಗುವುದಿಲ್ಲ.

ಅಡಿಪದರವನ್ನೇ ಒಂದಿಷ್ಟು ಹೆಚ್ಚಿಗೆ ಬಿಟ್ಟು ಮುಂದಕ್ಕೆ ಮಡಚಿ ಹೊಲಿಯಬಹುದೇ?

ಬಹುದು. ಮೇಲ್ಪದರ ಮತ್ತು ನಡುಪದರವನ್ನು ಸಮ ಮಾಡಿ ಕತ್ತರಿಸಿ, ಅಡಿಪದರವನ್ನು ಸುತ್ತಲೂ ಒಂದು ಇಂಚು ಹೆಚ್ಚಿಗೆ ಬಿಡಿ. ಅದನ್ನು ಅರ್ಧ ಇಂಚು ಮಡಚಿ, ಮತ್ತೊಮ್ಮೆ ಮಡಚಿ ಮುಂಬದಿಗೆ ತಂದು ಹೊಲಿಯಿರಿ. ಬೇಗ ಮುಗಿಯುತ್ತದೆ, ಬಟ್ಟೆಯೂ ಉಳಿಯುತ್ತದೆ. ಆದರೆ ತುದಿಯನ್ನು ಕವಿಯುವುದು ಒಂದೇ ಪದರ ಬಟ್ಟೆ, ಅದು ಹರಿದರೆ ಅಡಿಪದರವೇ ಹರಿದಂತೆ. ಗೋಡೆಗೆ ತೂಗುಹಾಕುವುದಕ್ಕೆ ಅಥವಾ ಬೇಗ ಬೆಳೆದುಬಿಡುವ ಕೂಸಿನ ಹೊದಿಕೆಗೆ ಸಾಕು. ದಿನಾ ಹೊದೆಯುವ ದೊಡ್ಡ ಕೌದಿಗೆ ಬೇಡ.

ಒಂಟಿ ಮಡಿಕೆ, ಜೋಡಿ ಮಡಿಕೆ ಎನ್ನುತ್ತಾರಲ್ಲ, ಏನು ವ್ಯತ್ಯಾಸ?

ಒಂಟಿ ಪಟ್ಟಿಯಲ್ಲಿ ಬಟ್ಟೆ ಒಂದೇ ಪದರವಾಗಿ ಅಂಚನ್ನು ಸುತ್ತುತ್ತದೆ, ಹಿಂಬದಿಯಲ್ಲಿ ತುದಿಯನ್ನು ಒಳಗೆ ಮಡಚಿ ಹೊಲಿಯುತ್ತೇವೆ. ಜೋಡಿ ಪಟ್ಟಿಯಲ್ಲಿ ಉದ್ದಕ್ಕೂ ಅರ್ಧಕ್ಕೆ ಮಡಚಿ ಇಸ್ತ್ರಿ ಮಾಡಿ, ಎರಡು ಕತ್ತರಿ ಅಂಚುಗಳನ್ನು ಕೌದಿಯ ತುದಿಗೆ ಹೊಂದಿಸಿ ಹೊಲಿಯುತ್ತೇವೆ. ಹಿಂಬದಿಗೆ ಬರುವುದು ಆಗಲೇ ಸಿದ್ಧವಾಗಿರುವ ಮಡಿಕೆ. ಹೀಗಾಗಿ ಕೆಲಸವೂ ಸುಲಭ, ತುದಿಗೆ ಎರಡು ಪದರದ ಕಾವಲೂ ಸಿಗುತ್ತದೆ. ಹೊದೆಯುವ ಕೌದಿಗೆ ನಾನು ಜೋಡಿ ಮಡಿಕೆಯನ್ನಷ್ಟೇ ಹೇಳುತ್ತೇನೆ. ಅಂಗೈಯಗಲದ ಪುಟ್ಟ ಕೆಲಸಗಳಲ್ಲಿ ಅದು ದಪ್ಪವೆನಿಸುತ್ತದೆ. ಒಂಟಿ ಮಡಿಕೆಗೆ ಅಲ್ಲಿ ಜಾಗವಿದೆ.

ಯಾವ ಬಟ್ಟೆ ಒಳ್ಳೆಯದು? ಮೇಲ್ಪದರದಲ್ಲಿ ಉಳಿದ ತುಂಡುಗಳು ಆಗುತ್ತವೆಯೇ?

ಒತ್ತಾಗಿ ನೇಯ್ದ, ಮಧ್ಯಮ ದಪ್ಪದ ಹತ್ತಿ ಬಟ್ಟೆ. ಬೆಳಕಿಗೆ ಹಿಡಿದಾಗ ಎಳೆಗಳ ನಡುವೆ ಕಿಂಡಿ ಕಾಣುವಷ್ಟು ತೆಳುವಾಗಿದ್ದರೆ ಬೇಡ. ಜಾರುವ ಬಟ್ಟೆ, ಹಿಗ್ಗುವ ಬಟ್ಟೆ ಆರಂಭಿಕರಿಗೆ ಬೇಡವೇ ಬೇಡ. ಉಳಿದ ತುಂಡುಗಳು ಖಂಡಿತ ಆಗುತ್ತವೆ. ಬೇರೆ ಬೇರೆ ತುಂಡುಗಳನ್ನು ಸೇರಿಸಿದ ಪಟ್ಟಿ ಎಷ್ಟೋ ಸಲ ಒಂದೇ ಬಣ್ಣದ ಪಟ್ಟಿಗಿಂತ ಚೆನ್ನಾಗಿ ಒಪ್ಪುತ್ತದೆ. ಒಂದು ಎಚ್ಚರ ಸಾಕು: ಎಲ್ಲ ತುಂಡುಗಳೂ ಒಂದೇ ದಪ್ಪದವಾಗಿರಲಿ, ಮತ್ತು ಒಮ್ಮೆ ಉಟ್ಟು ತೊಟ್ಟು ಸವೆದ ಬಟ್ಟೆಯನ್ನು ಅಂಚಿಗೆ ಬಳಸಬೇಡಿ. ಅಂತಹ ಬಟ್ಟೆ ಮೇಲ್ಪದರದ ನಡುವೆ ಇನ್ನೂ ಬಹಳ ವರ್ಷ ಬಾಳೀತು, ಅಂಚಿನಲ್ಲಿ ಮಾತ್ರ ಎರಡು ವರ್ಷ ತಡೆಯುವುದು ಕಷ್ಟ.

ಬಣ್ಣದ ಬಗ್ಗೆ: ಗಾಢ ಬಣ್ಣದ ಪಟ್ಟಿ ಚಿತ್ರಕ್ಕೆ ಚೌಕಟ್ಟು ಹಾಕಿದಂತೆ ಕಣ್ಣನ್ನು ಒಳಗೆ ನಿಲ್ಲಿಸುತ್ತದೆ, ಕೊಳೆಯನ್ನೂ ಕಾಣಗೊಡುವುದಿಲ್ಲ. ಹೊರಸುತ್ತಿನ ಬಣ್ಣವೇ ಪಟ್ಟಿಯದೂ ಆದರೆ ಅಂಚು ಎಲ್ಲಿ ಮುಗಿಯಿತೆಂದೇ ತಿಳಿಯುವುದಿಲ್ಲ. ಗೀರು ಗೀರಾದ ಬಟ್ಟೆಯನ್ನು ಓರೆಯಾಗಿ ಕತ್ತರಿಸಿದರೆ ಅಂಚಿನುದ್ದಕ್ಕೂ ಹಗ್ಗ ಹೊಸೆದಂತೆ ಕಾಣುತ್ತದೆ. ಅದನ್ನು ಕಂಡರೆ ನನಗೆ ಪ್ರತಿ ಸಲವೂ ಸಂತೋಷ.

ಪಟ್ಟಿಯ ಬಟ್ಟೆಯನ್ನು ಮೊದಲೇ ಒಗೆಯಬೇಕೇ?

ಮೇಲ್ಪದರದ ಬಟ್ಟೆಗಳನ್ನು ಒಗೆದು ಬಳಸಿದ್ದರೆ ಇದನ್ನೂ ಒಗೆಯಿರಿ, ಇಲ್ಲದಿದ್ದರೆ ಬೇಡ. ಎಲ್ಲವೂ ಒಂದೇ ಪ್ರಮಾಣದಲ್ಲಿ ಕುಗ್ಗಬೇಕು ಎನ್ನುವುದಷ್ಟೇ ಕಾರಣ. ಆದರೆ ಗಾಢ ಕೆಂಪು, ನೀಲಿ, ಕಪ್ಪು ಬಟ್ಟೆಗಳ ಮೂಲೆಯನ್ನು ಒದ್ದೆ ಮಾಡಿ ಬಿಳಿ ಬಟ್ಟೆಯ ಮೇಲೆ ಒತ್ತಿ ನೋಡದೆ ಮುಂದುವರಿಯಬೇಡಿ. ಬಣ್ಣ ಬಿಡುವ ಅಂಚು ಒಂದೇ ಒಗೆತದಲ್ಲಿ ಇಡೀ ಕೌದಿಯನ್ನು ಕೆಡಿಸಬಲ್ಲದು.

## ಅಳತೆ ಮತ್ತು ಕತ್ತರಿ

ಪಟ್ಟಿಯನ್ನು ಎಷ್ಟು ಅಗಲಕ್ಕೆ ಕತ್ತರಿಸಬೇಕು? ಒಬ್ಬೊಬ್ಬರು ಒಂದೊಂದು ಅಳತೆ ಹೇಳುತ್ತಾರೆ.

ಹೇಳಿದವರೆಲ್ಲ ಸರಿಯೇ ಇರಬಹುದು. ಏಕೆಂದರೆ ಅಗಲವನ್ನು ನಿರ್ಧರಿಸುವುದು ನಿಮ್ಮ ಹೊಲಿಗೆ ಅಂಚಿನಿಂದ ಎಷ್ಟು ಒಳಗಿದೆ ಮತ್ತು ಕೌದಿ ಎಷ್ಟು ದಪ್ಪವಿದೆ ಎನ್ನುವುದು. ಲೆಕ್ಕವನ್ನು ಒಮ್ಮೆ ಅರ್ಥ ಮಾಡಿಕೊಂಡರೆ ಮತ್ತೆ ಯಾರನ್ನೂ ಕೇಳಬೇಕಾಗಿಲ್ಲ.

ಜೋಡಿ ಮಡಿಕೆಯ ಪಟ್ಟಿಯನ್ನು ಅರ್ಧಕ್ಕೆ ಮಡಚಿದ ಮೇಲೆ ಅದು ದಾಟಬೇಕಾದ ದಾರಿ ಹೀಗಿದೆ: ಹೊಲಿಗೆಗೆ ಬಿಟ್ಟ ಜಾಗ, ಮುಂಬದಿಯಲ್ಲಿ ಕಾಣುವ ಅಗಲ, ಕೌದಿಯ ದಪ್ಪ, ಹಿಂಬದಿಯಲ್ಲಿ ಕಾಣುವ ಅಗಲ. ದಪ್ಪವನ್ನು ಬಿಟ್ಟು ಉಳಿದ ಮೂರೂ ಒಂದೇ ಅಳತೆ. ಅಂದರೆ ಮಡಚಿದ ಪಟ್ಟಿ ಕಾಣುವ ಅಗಲದ ಮೂರು ಪಟ್ಟು ಮತ್ತು ಒಂದು ದಪ್ಪ. ಬಿಡಿಸಿದ ಪಟ್ಟಿ ಅದರ ಎರಡರಷ್ಟು: ಕಾಣುವ ಅಗಲದ ಆರು ಪಟ್ಟು ಮತ್ತು ಎರಡು ದಪ್ಪ.

ಈಗ ಅಂಕಿ ಹಾಕಿ ನೋಡಿ. ಅಂಚು 3/8 ಇಂಚು ಕಾಣಬೇಕು, ಕೌದಿಯ ದಪ್ಪ 1/8 ಇಂಚು ಎಂದಿಟ್ಟುಕೊಳ್ಳಿ. 3/8ರ ಆರು ಪಟ್ಟು 2¼, ಅದಕ್ಕೆ ಎರಡು ದಪ್ಪದ ¼ ಸೇರಿಸಿದರೆ 2½ ಇಂಚು. ಹೆಚ್ಚು ಜನ ಹೇಳುವ ಎರಡೂವರೆ ಇಂಚು ಹುಟ್ಟಿದ್ದು ಇಲ್ಲಿ. ಆದರೆ ಅದೇ ಎರಡೂವರೆ ಇಂಚಿನ ಪಟ್ಟಿಯನ್ನು ಕಾಲು ಇಂಚಿನ ಹೊಲಿಗೆಯಲ್ಲಿ ಕೂರಿಸಿದರೆ ಮುಂದೆ ಕಾಲು ಇಂಚು, ಹಿಂದೆ ಅರ್ಧ ಇಂಚಿಗೂ ಹೆಚ್ಚು ಬರುತ್ತದೆ. ಕಾಲು ಇಂಚಿನ ಹೊಲಿಗೆಗೆ 2 ಇಂಚು ಸಾಕು, ಕೈ ಪಳಗುವವರೆಗೆ 2¼ ಇರಲಿ.

ಇಡೀ ಪಟ್ಟಿ ಕತ್ತರಿಸುವ ಮೊದಲು ಕೌದಿಯ ಉಳಿಕೆ ಪದರಗಳ ಮೇಲೆ ನಾಲ್ಕಿಂಚು ಹೊಲಿದು, ಮಡಚಿ ನೋಡಿ. ಮಡಿಕೆ ಹಿಂಬದಿಯ ಹೊಲಿಗೆಯ ಗೆರೆಯನ್ನು ಮುಚ್ಚಿ ಒಂದು ಎಳೆಯಷ್ಟು ಆಚೆ ಹೋಗಬೇಕು. ಒಳಗೆ ಟೊಳ್ಳು ಇರಬಾರದು. ಅಂಚನ್ನು ಬೆರಳಲ್ಲಿ ಹಿಸುಕಿದರೆ ತುದಿಯವರೆಗೂ ನಡುಪದರ ಸಿಗಬೇಕು. ಟೊಳ್ಳಾದ ಪಟ್ಟಿ ತನ್ನ ಮೇಲೆಯೇ ಮಡಚಿಕೊಂಡು, ಆ ಮಡಿಕೆಯ ಗೆರೆಯಲ್ಲೇ ಸೀಳುತ್ತದೆ. ಅಂಚುಪಟ್ಟಿಯ ವಿಷಯದಲ್ಲಿ ನಾನು ಹಟ ಹಿಡಿಯುವ ಸಂಗತಿ ಒಂದಿದ್ದರೆ ಅದು ಈ ತುಂಬಿದ ಅಂಚು.

ಎಷ್ಟು ಬಟ್ಟೆ ಬೇಕೆಂದು ಲೆಕ್ಕ ಹಾಕುವುದು ಹೇಗೆ?

ನಾಲ್ಕು ಬದಿಗಳನ್ನು ಕೂಡಿಸಿ, ಮೂಲೆ ಮತ್ತು ಕೊನೆಯ ಜೋಡಣೆಗೆಂದು 12 ಇಂಚು ಸೇರಿಸಿ. 60 ಇಂಚು ಅಗಲ, 80 ಇಂಚು ಉದ್ದದ ಕೌದಿಗೆ ಸುತ್ತಳತೆ 280, ಬೇಕಾದ ಪಟ್ಟಿ 292 ಇಂಚು. ಬಟ್ಟೆಯ ಪನ್ನ, ಅಂದರೆ ಅಗಲ, 42 ಇಂಚು ಇದ್ದರೆ ಓರೆ ಜೋಡಣೆಗೆ ಹೋಗುವುದನ್ನು ಕಳೆದು ಒಂದು ಪಟ್ಟಿಗೆ 39 ಇಂಚು ಸಿಕ್ಕಿತೆಂದುಕೊಳ್ಳಿ. 292ನ್ನು 39ರಿಂದ ಭಾಗಿಸಿದರೆ ಏಳೂವರೆಯ ಹತ್ತಿರ ಬರುತ್ತದೆ, ಅಂದರೆ ಎಂಟು ಪಟ್ಟಿ. ಎರಡೂವರೆ ಇಂಚಿನ ಎಂಟು ಪಟ್ಟಿಗೆ 20 ಇಂಚು ಬಟ್ಟೆ. ಕತ್ತರಿ ಸೊಟ್ಟ ಹೋದರೆ ಸರಿಪಡಿಸಲು ಇನ್ನೆರಡು ಇಂಚು ಕೈಯಲ್ಲಿರಲಿ.

ನೇರ ಪಟ್ಟಿಯೋ, ಕ್ರಾಸ್ ಪಟ್ಟಿಯೋ?

ಬಟ್ಟೆಯಲ್ಲಿ ಹಾಸು, ಹೊಕ್ಕು ಎಂದು ಎರಡು ದಿಕ್ಕಿನ ಎಳೆಗಳಿರುತ್ತವೆ. ಹಾಸಿನ ದಿಕ್ಕಿನಲ್ಲಿ ಕತ್ತರಿಸಿದ ಪಟ್ಟಿ ಹಿಗ್ಗುವುದೇ ಇಲ್ಲ ಎನ್ನಬಹುದು. ಹೊಕ್ಕಿನ ದಿಕ್ಕಿನದು, ಅಂದರೆ ಪನ್ನದ ಉದ್ದಕ್ಕೆ ಕತ್ತರಿಸಿದ್ದು, ಚೂರು ಹಿಗ್ಗುತ್ತದೆ. 45 ಡಿಗ್ರಿ ಓರೆಯಲ್ಲಿ ಕತ್ತರಿಸಿದ ಕ್ರಾಸ್ ಪಟ್ಟಿ ಚೆನ್ನಾಗಿ ಹಿಗ್ಗುತ್ತದೆ, ಬಾಗುತ್ತದೆ.

ನೇರ ಬದಿಯ ಕೌದಿಗೆ ಪನ್ನದ ಉದ್ದಕ್ಕೆ ಕತ್ತರಿಸಿದ ಪಟ್ಟಿಯೇ ಸಾಕು. ಬಾಗು ಇರುವ ಅಂಚಿಗೆ ಕ್ರಾಸ್ ಪಟ್ಟಿಯೇ ಬೇಕು, ಬೇರೆ ದಾರಿಯಿಲ್ಲ. ಬಾಗು ಇಲ್ಲದಿದ್ದರೂ ಬಹಳ ಬಳಕೆಯ ಕೌದಿಗೆ ಕ್ರಾಸ್ ಪಟ್ಟಿ ಹಾಕುವವರಿದ್ದಾರೆ. ಅವರ ವಾದದಲ್ಲಿ ಹುರುಳಿದೆ: ನೇರ ಪಟ್ಟಿಯಲ್ಲಿ ಅಂಚಿನ ತುದಿಯುದ್ದಕ್ಕೂ ಒಂದೆರಡು ಎಳೆಗಳೇ ಓಡುತ್ತವೆ, ಆ ಎಳೆ ಸವೆದರೆ ಉದ್ದಕ್ಕೂ ಬಿಡುತ್ತದೆ. ಓರೆ ಪಟ್ಟಿಯಲ್ಲಿ ನೂರಾರು ಎಳೆಗಳು ತುದಿಯನ್ನು ಅಡ್ಡ ಹಾಯುತ್ತವೆ, ಒಂದು ಹೋದರೂ ಪಕ್ಕದ್ದು ಹಿಡಿದಿರುತ್ತದೆ.

ಪಟ್ಟಿಗಳನ್ನು ಓರೆಯಾಗಿ ಜೋಡಿಸಬೇಕು ಎನ್ನುತ್ತಾರೆ. ನೇರವಾಗಿ ಜೋಡಿಸಿದರೆ ಏನು ತಪ್ಪು?

ನೇರ ಜೋಡಣೆಯಲ್ಲಿ ಹೊಲಿಗೆಯ ಬಟ್ಟೆಯೆಲ್ಲ ಒಂದೇ ಜಾಗದಲ್ಲಿ ಪೇರಿಕೊಂಡು ಅಂಚಿನಲ್ಲಿ ಗಂಟಿನಂತೆ ಉಬ್ಬುತ್ತದೆ. ಓರೆಯಾದರೆ ಆ ದಪ್ಪ ಹರಡಿಹೋಗುತ್ತದೆ. ಎರಡು ಪಟ್ಟಿಗಳ ಹೊರಮೈ ಒಂದಕ್ಕೊಂದು ತಾಗುವಂತೆ, ಒಂದರ ಮೇಲೊಂದು ಲಂಬವಾಗಿ ಇಡಿ. ಅಲ್ಲಿ ಉಂಟಾಗುವ ಚೌಕದ ಮೂಲೆಯಿಂದ ಮೂಲೆಗೆ ಹೊಲಿಯಿರಿ. ಕಾಲು ಇಂಚು ಬಿಟ್ಟು ಕತ್ತರಿಸಿ, ಹೊಲಿಗೆಯನ್ನು ಎರಡೂ ಕಡೆ ಬಿಡಿಸಿ ಇಸ್ತ್ರಿ ಮಾಡಿ. ಕತ್ತರಿಸುವ ಮೊದಲು ಒಮ್ಮೆ ಬಿಡಿಸಿ ನೋಡುವ ಅಭ್ಯಾಸವಿರಲಿ. ತಪ್ಪು ಕರ್ಣದಲ್ಲಿ ಹೊಲಿದಿದ್ದರೆ ಪಟ್ಟಿ ನೇರವಾಗದೆ ಪಕ್ಕಕ್ಕೆ ತಿರುಗಿರುತ್ತದೆ.

## ಪಟ್ಟಿ ಕೂರಿಸುವುದು

ಪಟ್ಟಿ ಹೊಲಿಯುವ ಮೊದಲು ಕೌದಿಗೆ ಏನಾದರೂ ಮಾಡಬೇಕೇ?

ಮೂರು ಪದರಗಳನ್ನು ಒಟ್ಟಿಗೆ ಸಮ ಮಾಡಿ ಕತ್ತರಿಸಬೇಕು. ಕೌದಿಯನ್ನು ನೆಲದ ಮೇಲೆ ಎಳೆಯದೆ ಹಾಸಿ, ಉದ್ದ ಸ್ಕೇಲನ್ನು ಒಳಗಿನ ಯಾವುದಾದರೂ ನೇರ ಹೊಲಿಗೆಗೆ ಹೊಂದಿಸಿ ಗೆರೆ ಎಳೆಯಿರಿ. ಮೂಲೆಗೆ ಮೂಲೆಮಟ್ಟ ಇಟ್ಟು ನೋಡಿ. ಕೊನೆಗೆ ಎರಡು ಕರ್ಣಗಳನ್ನು ಅಳೆಯಿರಿ. ಎರಡೂ ಸಮವಾಗಿದ್ದರೆ ಮೂಲೆಗಳು ನೇರವಾಗಿವೆ.

ಬಳಿಕ ತುದಿಯಿಂದ 1/8 ಇಂಚು ಒಳಗೆ, ಯಂತ್ರದಲ್ಲಿ ಉದ್ದ ಹೊಲಿಗೆ ಇಟ್ಟು ಸುತ್ತಲೂ ಒಮ್ಮೆ ಹೊಲಿದುಬಿಡಿ. ಪಟ್ಟಿಯ ಕೆಳಗೆ ಮುಚ್ಚಿಹೋಗುವ ಈ ಹೊಲಿಗೆ ಮೂರು ಪದರಗಳನ್ನೂ ಹಿಡಿದಿಡುತ್ತದೆ, ಅಂಚು ಹಿಗ್ಗದಂತೆ ತಡೆಯುತ್ತದೆ. ಬೇಸರವೆಂದು ಬಿಟ್ಟವರೇ ಮುಂದೆ ಅಂಚು ಅಲೆಯಾಯಿತೆಂದು ಕೇಳುತ್ತಾರೆ.

ಎಲ್ಲಿಂದ ಆರಂಭಿಸಲಿ?

ಒಂದು ಬದಿಯ ನಡುವಿನಿಂದ, ಮೂಲೆಯಿಂದ ಬೇಡ. ಆರಂಭದಲ್ಲಿ ಪಟ್ಟಿಯ 8 ಇಂಚನ್ನು ಹೊಲಿಯದೆ ಬಾಲದಂತೆ ಬಿಡಿ. ಹೊಲಿಯುವ ಮೊದಲು ಪಟ್ಟಿಯನ್ನು ಸುತ್ತಲೂ ಹಾಗೆಯೇ ಇಟ್ಟು ನೋಡಿ. ಪಟ್ಟಿಯ ಜೋಡಣೆ ಯಾವುದಾದರೂ ಮೂಲೆಗೆ ಬಂದು ಕೂತರೆ ಆರಂಭವನ್ನು ನಾಲ್ಕು ಇಂಚು ಸರಿಸಿ. ಯಂತ್ರಕ್ಕೆ ವಾಕಿಂಗ್ ಫೂಟ್ ಇದ್ದರೆ ಹಾಕಿ, ಅದು ಮೇಲಿನ ಪಟ್ಟಿಯನ್ನೂ ಕೆಳಗಿನ ಪದರಗಳನ್ನೂ ಒಂದೇ ವೇಗದಲ್ಲಿ ಮುಂದಕ್ಕೆ ಒಯ್ಯುತ್ತದೆ. ಇಲ್ಲದಿದ್ದರೆ ಫೂಟಿನ ಒತ್ತಡ ಸ್ವಲ್ಪ ಸಡಿಲಿಸಿ ನಿಧಾನವಾಗಿ ಹೊಲಿಯಿರಿ. ಕೌದಿಯ ಭಾರವೆಲ್ಲ ಮೇಜಿನ ಮೇಲಿರಲಿ. ಕೆಳಗೆ ಜೋತುಬಿದ್ದರೆ ಅದರ ಎಳೆತಕ್ಕೆ ಹೊಲಿಗೆ ಸೊಟ್ಟಗಾಗುತ್ತದೆ.

ಮೂಲೆ ಬಂದ ಕೂಡಲೇ ಗಾಬರಿಯಾಗುತ್ತದೆ. ಆ ಓರೆ ಮಡಿಕೆಯನ್ನು ಬಿಡಿಸಿ ಹೇಳುತ್ತೀರಾ?

ಇದನ್ನು ಓದಿ ಕಲಿಯುವುದಕ್ಕಿಂತ ಕಾಗದದ ಪಟ್ಟಿಯಲ್ಲಿ ಎರಡು ಸಲ ಮಡಚಿ ಕಲಿಯುವುದು ಸುಲಭ. ಆದ್ದರಿಂದ ಒಂದು ಕಾಗದ ಹತ್ತಿರವಿಟ್ಟುಕೊಂಡು ಓದಿ.

ನಿಮ್ಮ ಹೊಲಿಗೆ ಅಂಚಿನಿಂದ 3/8 ಇಂಚು ಒಳಗಿದ್ದರೆ ಮೂಲೆಗೆ 3/8 ಇಂಚು ಇರುವಾಗಲೇ ನಿಲ್ಲಬೇಕು, ಕಾಲು ಇಂಚಾದರೆ ಕಾಲು ಇಂಚು. ಆ ಬಿಂದುವನ್ನು ಮೊದಲೇ ಪೆನ್ಸಿಲಿನಲ್ಲಿ ಗುರುತಿಸಿ. ಅಲ್ಲಿಗೆ ಬಂದಾಗ ಸೂಜಿ ಕೆಳಗಿಟ್ಟು ಬಟ್ಟೆಯನ್ನು ತಿರುಗಿಸಿ, ಮೂಲೆಯ ತುದಿಗೆ ಓರೆಯಾಗಿ ಹೊಲಿದು ಹೊರಬನ್ನಿ. ದಾರ ಕತ್ತರಿಸಿ ಕೌದಿಯನ್ನು ಹೊರತೆಗೆಯಿರಿ.

ಕೌದಿಯನ್ನು ತಿರುಗಿಸಿ, ಮುಂದೆ ಹೊಲಿಯಬೇಕಾದ ಬದಿ ನಿಮ್ಮ ಬಲಗಡೆಗೆ ಬರಲಿ. ಈಗ ಪಟ್ಟಿಯನ್ನು ಮೇಲಕ್ಕೆ, ಕೌದಿಯಿಂದ ಆಚೆಗೆ ಮಡಚಿ. ಪಟ್ಟಿಯ ಕತ್ತರಿ ಅಂಚು ಮತ್ತು ಕೌದಿಯ ಬಲ ಬದಿ ಒಂದೇ ಗೆರೆಯಲ್ಲಿ ನಿಲ್ಲಬೇಕು. ನೀವು ಹೊಲಿದ ಓರೆ ಹೊಲಿಗೆಯ ಮೇಲೇ 45 ಡಿಗ್ರಿಯ ಮಡಿಕೆ ತಾನಾಗಿ ಬೀಳುತ್ತದೆ. ಅದನ್ನು ಬೆರಳಲ್ಲಿ ಒತ್ತಿ ಹಿಡಿದು ಪಟ್ಟಿಯನ್ನು ಮತ್ತೆ ಕೆಳಕ್ಕೆ ಮಡಚಿ. ಈ ಎರಡನೆಯ ಮಡಿಕೆ ಆಗಷ್ಟೇ ಹೊಲಿದು ಮುಗಿಸಿದ ಬದಿಯ ತುದಿಗೆ ಸರಿಯಾಗಿ ಸಮನಾಗಿರಬೇಕು. ಅಲ್ಲಿಂದ, ಮಡಿಕೆಯ ತುದಿಯಿಂದಲೇ, ಹೊಸ ಬದಿಯ ಹೊಲಿಗೆ ಆರಂಭಿಸಿ.

ಕೆಡುವುದೆಲ್ಲ ಆ ಎರಡನೆಯ ಮಡಿಕೆಯಲ್ಲಿ. ಅದು ಕೌದಿಯ ತುದಿಯಿಂದ ಕೆಳಗೆ ಇಳಿದರೆ ಬಟ್ಟೆ ಸಾಲದೆ ಮೂಲೆ ದುಂಡಗಾಗುತ್ತದೆ, ಮೇಲಕ್ಕೆ ಹೋದರೆ ಬಟ್ಟೆ ಹೆಚ್ಚಾಗಿ ಮೂಲೆ ಕಿವಿಯಂತೆ ಜೋಲುತ್ತದೆ. ಹಿಂಬದಿಗೆ ಮಡಚುವಾಗ ಮುಂಬದಿಯ ಮಡಿಕೆ ಯಾವ ದಿಕ್ಕಿಗೆ ಒರಗಿದೆ ಎಂದು ನೋಡಿ ಅದಕ್ಕೆ ವಿರುದ್ಧ ದಿಕ್ಕಿಗೆ ಮಡಚಿ. ಆಗ ದಪ್ಪ ಎರಡು ಕಡೆಗೂ ಹಂಚಿಹೋಗಿ ಮೂಲೆ ಚಪ್ಪಟೆಯಾಗಿ, ಚೂಪಾಗಿ ಕೂರುತ್ತದೆ.

ಕೊನೆಯಲ್ಲಿ ಎರಡು ತುದಿ ಸೇರಿಸುವಾಗ ಪ್ರತಿ ಸಲವೂ ಪಟ್ಟಿ ತಿರುಚಿಕೊಳ್ಳುತ್ತದೆ ಅಥವಾ ಉದ್ದ ತಪ್ಪುತ್ತದೆ.

ಆರಂಭದ ಹೊಲಿಗೆಗೆ 12 ಇಂಚು ಇರುವಾಗ ನಿಲ್ಲಿಸಿ. ಇಷ್ಟು ಜಾಗವಿಲ್ಲದಿದ್ದರೆ ಕೈಯಾಡುವುದಿಲ್ಲ. ಆರಂಭದ ಬಾಲದ ತುದಿಯನ್ನು ನೇರವಾಗಿ ಕತ್ತರಿಸಿ ಅಂಚಿನ ಮೇಲೆ ಚಪ್ಪಟೆಯಾಗಿ ಮಲಗಿಸಿ. ಕೊನೆಯ ಬಾಲವನ್ನು ಅದರ ಮೇಲೆ ಮಲಗಿಸಿ. ಒಂದು ಇನ್ನೊಂದನ್ನು ಎಷ್ಟು ದಾಟಬೇಕು? ಪಟ್ಟಿಯನ್ನು ಬಿಡಿಸಿದಾಗ ಎಷ್ಟು ಅಗಲವಿದೆಯೋ ಅಷ್ಟು. 2½ ಇಂಚಿನ ಪಟ್ಟಿಯಾದರೆ ಸರಿಯಾಗಿ 2½ ಇಂಚು ದಾಟುವಲ್ಲಿ ಗುರುತು ಮಾಡಿ ಕತ್ತರಿಸಿ. ಓರೆ ಜೋಡಣೆಯಲ್ಲಿ ಎರಡು ಪಟ್ಟಿಗಳೂ ಒಂದು ಚೌಕದಲ್ಲಿ ಸೇರುತ್ತವೆ. ಆ ಚೌಕದ ಬದಿ ಪಟ್ಟಿಯ ಅಗಲವೇ ತಾನೇ, ಈ ಅಳತೆ ಬಂದದ್ದು ಅದರಿಂದ.

ಈಗ ಕೌದಿಯನ್ನು ಆ ಜಾಗದಲ್ಲಿ ಮಡಚಿ ಒಂದು ಪಿನ್ನು ಚುಚ್ಚಿ, ಎರಡು ಬಾಲಗಳಿಗೂ ಸಡಿಲ ಸಿಗುತ್ತದೆ. ಎಡಗಡೆಯ ಬಾಲವನ್ನು ಬಿಡಿಸಿ ಹೊರಮೈ ಮೇಲೆ ಬರುವಂತೆ ಹಿಡಿಯಿರಿ. ಬಲಗಡೆಯದನ್ನು ಬಿಡಿಸಿ ಹೊರಮೈ ಕೆಳಗೆ ಬರುವಂತೆ ಅದರ ಮೇಲೆ ಲಂಬವಾಗಿ ಇಡಿ. ಗುಂಡುಸೂಜಿ ಚುಚ್ಚಿ, ಕರ್ಣದಲ್ಲಿ ಕೈಯಿಂದ ಕಚ್ಚಾ ಹೊಲಿಗೆ ಹಾಕಿ, ಮಡಚಿ, ಅಂಚಿಗೆ ಹೊಂದಿಸಿ ನೋಡಿ. ಪಟ್ಟಿ ತಿರುಚಿರದೆ ಅಂಚಿಗೆ ಸಮನಾಗಿ ಕೂತರೆ ಮಾತ್ರ ಯಂತ್ರದಲ್ಲಿ ಹೊಲಿದು ಹೆಚ್ಚಿನದನ್ನು ಕತ್ತರಿಸಿ. ಕಚ್ಚಾ ಹೊಲಿಗೆ ಬಿಚ್ಚಲು ಅರೆ ನಿಮಿಷ ಸಾಕು. ಕತ್ತರಿಸಿಬಿಟ್ಟ ಮೇಲೆ ಪಟ್ಟಿಗೆ ಮತ್ತೊಂದು ತೇಪೆ ಹಾಕದೆ ಗತಿಯಿಲ್ಲ.

## ಹಿಂಬದಿಯ ಹೊಲಿಗೆ

ಹಿಂಬದಿಯನ್ನು ಕೈಯಲ್ಲೇ ಹೊಲಿಯಬೇಕೇ? ಯಂತ್ರದಲ್ಲಿ ಮುಗಿಸಿದರೆ ಕೀಳೇ?

ಕೀಳಲ್ಲ. ದಿನ ಬಿಟ್ಟು ದಿನ ಒಗೆಯುವ ಮಕ್ಕಳ ಹೊದಿಕೆಗೆ ಯಂತ್ರದ ಹೊಲಿಗೆಯನ್ನೇ ನಾನು ಹೇಳುತ್ತೇನೆ, ಅದು ಹೆಚ್ಚು ಎಳೆದಾಟ ತಡೆಯುತ್ತದೆ. ಆದರೆ ಯಂತ್ರಕ್ಕಾದರೆ ಕ್ರಮ ತಿರುವುಮುರುವು: ಪಟ್ಟಿಯನ್ನು ಮೊದಲು ಹಿಂಬದಿಗೆ ಹೊಲಿದು, ಮುಂಬದಿಗೆ ಮಡಚಿ ತಂದು, ಮಡಿಕೆಯ ಅಂಚಿಗೆ ಒತ್ತಿಕೊಂಡಂತೆ ಮೇಲಿನಿಂದ ಹೊಲಿಯಬೇಕು. ಕಣ್ಣಿಗೆ ಕಾಣುವ ಬದಿಯ ಹೊಲಿಗೆ ನಿಮ್ಮ ಹಿಡಿತದಲ್ಲಿರುತ್ತದೆ. ಹೊಲಿಗೆಯ ಉದ್ದ 2.5ರಿಂದ 3 ಮಿಲಿಮೀಟರ್ ಇರಲಿ, ಯಂತ್ರದ ಸೂಜಿಯ ಸಂಖ್ಯೆ 90/14.

ಗುಂಡುಸೂಜಿಗಳು ದಪ್ಪ ಅಂಚನ್ನು ಸೊಟ್ಟಗೆ ಮಾಡುತ್ತವೆ. ಕ್ಲಿಪ್ಪುಗಳು ವಾಸಿ. ನೀರಿನಲ್ಲಿ ತೊಳೆದುಹೋಗುವ ಬಿಳಿ ಅಂಟನ್ನು ತೆಳುವಾಗಿ ಸವರಿ ಇಸ್ತ್ರಿಯಿಂದ ಒಣಗಿಸಿಕೊಳ್ಳುವುದು ಇನ್ನೂ ವಾಸಿ, ಮಡಿಕೆ ಅಲುಗುವುದೇ ಇಲ್ಲ.

ಕೈಹೊಲಿಗೆ ಹಾಕಿದರೆ ದಾರ ಎದ್ದು ಕಾಣುತ್ತದೆ. ಕಾಣದಂತೆ ಹೊಲಿಯುವುದು ಹೇಗೆ?

ದಾರದ ಬಣ್ಣ ಪಟ್ಟಿಗೆ ಹೊಂದಬೇಕು, ಅಡಿಪದರಕ್ಕಲ್ಲ. ಅರ್ಧ ತೊಂದರೆ ಇದರಿಂದಲೇ ಹೋಗುತ್ತದೆ. ಒಂಟಿ ಎಳೆ ದಾರ, ಮೊಳದುದ್ದಕ್ಕಿಂತ ಹೆಚ್ಚು ಬೇಡ. ಉದ್ದ ದಾರ ಸಿಕ್ಕುಹಾಕಿಕೊಳ್ಳುತ್ತದೆ, ಬಟ್ಟೆಯಲ್ಲಿ ಮತ್ತೆ ಮತ್ತೆ ಹಾದು ತೆಳುವಾಗುತ್ತದೆ. ಸೂಜಿ ಸಣ್ಣದು, ಗಿಡ್ಡದು. ಗಂಟನ್ನು ಪಟ್ಟಿಯ ಕೆಳಗೆ ನಡುಪದರದೊಳಗೆ ಮರೆಮಾಡಿ.

ಸೂಜಿಯನ್ನು ಮಡಿಕೆಯ ತುದಿಯಲ್ಲಿ ಎರಡು ಎಳೆಗಳಷ್ಟು ಹಿಡಿಸಿ ಹೊರತೆಗೆಯಿರಿ. ಅದು ಹೊರಬಂದ ಜಾಗಕ್ಕೆ ನೇರ ಎದುರಿಗೆ ಅಡಿಪದರಕ್ಕೆ ಚುಚ್ಚಿ, ನಡುಪದರದೊಳಗೆ 1/8 ಇಂಚು ಓಡಿಸಿ, ಮತ್ತೆ ಮಡಿಕೆಯ ತುದಿಯಲ್ಲಿ ಎತ್ತಿ. ದಾರದ ಪಯಣವೆಲ್ಲ ಒಳಗೇ ನಡೆಯಬೇಕು, ಮುಂಬದಿಗೆ ತೂರಬಾರದು. ನಾಲ್ಕೈದು ಹೊಲಿಗೆಗೊಮ್ಮೆ ದಾರವನ್ನು ಹಿತವಾಗಿ ಎಳೆದುಕೊಳ್ಳಿ, ಬಿಗಿದರೆ ಅಂಚು ನೆರಿಗೆಗಟ್ಟುತ್ತದೆ. ಮೂಲೆಗೆ ಬಂದಾಗ ಓರೆ ಮಡಿಕೆಯನ್ನೂ ಹಿಂದೆ ಮುಂದೆ ಎರಡೂ ಕಡೆ ನಾಲ್ಕು ಹೊಲಿಗೆ ಹಾಕಿ ಮುಚ್ಚಿ.

280 ಇಂಚಿನ ಸುತ್ತಿಗೆ ಇಂಚಿಗೆ ಎಂಟರಂತೆ ಎರಡು ಸಾವಿರಕ್ಕೂ ಮಿಕ್ಕಿ ಹೊಲಿಗೆಗಳಾಗುತ್ತವೆ. ಒಂದೇ ಸಲ ಕೂತು ಮುಗಿಸಲು ಹೋಗಬೇಡಿ. ದಿನಕ್ಕೊಂದು ಬದಿ ಎಂದುಕೊಂಡರೆ ಕೈಯೂ ನೋಯದು, ಹೊಲಿಗೆಯೂ ಸಮನಾಗಿರುತ್ತದೆ. ಕೌದಿ ಆಗಲೇ ನಿಮ್ಮ ಮಡಿಲನ್ನು ಬೆಚ್ಚಗಿಡತೊಡಗಿರುತ್ತದೆ. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಹೊತ್ತು ಅದು.

## ಕೆಟ್ಟದ್ದನ್ನು ಸರಿಪಡಿಸುವುದು

ಪಟ್ಟಿ ಹಾಕಿದ ಮೇಲೆ ಕೌದಿಯ ಅಂಚು ಅಲೆ ಅಲೆಯಾಗಿದೆ. ಇಸ್ತ್ರಿ ಮಾಡಿದರೂ ಸರಿಹೋಗುತ್ತಿಲ್ಲ.

ಹೊಲಿಯುವಾಗ ಕೌದಿಯ ಅಂಚು ಹಿಗ್ಗಿದೆ ಎಂದರ್ಥ. ಪಟ್ಟಿ ಆ ಹಿಗ್ಗಿದ ಉದ್ದವನ್ನೇ ಗಟ್ಟಿ ಮಾಡಿ ಹಿಡಿದುಬಿಟ್ಟಿದೆ. ಇದಕ್ಕೆ ವಿರುದ್ಧವಾಗಿ ಅಂಚು ಒಳಕ್ಕೆ ಸೆಳೆದುಕೊಂಡು ಮೂಲೆಗಳು ಮೇಲೆದ್ದಿದ್ದರೆ ಎಳೆದು ಹೊಲಿದದ್ದು ಪಟ್ಟಿಯನ್ನು.

ಬಿಚ್ಚದೆ ಪರಿಹಾರವಿಲ್ಲ, ಆದರೆ ಕೆಟ್ಟ ಬದಿಯನ್ನಷ್ಟೇ ಬಿಚ್ಚಿದರೆ ಸಾಕು. ಕೌದಿಯ ನಟ್ಟನಡುವೆ ಆ ಬದಿಗೆ ಸಮಾನಾಂತರವಾಗಿ ಅಳೆಯಿರಿ, ಅಲ್ಲಿ ಬಟ್ಟೆ ಹಿಗ್ಗಿರುವುದಿಲ್ಲ. ಅಂಚು 81½ ಇಂಚು, ನಡು 80 ಇಂಚು ಇದ್ದರೆ ನಂಬಬೇಕಾದದ್ದು 80ನ್ನು. ಪಟ್ಟಿಯಲ್ಲಿ 80 ಇಂಚು ಗುರುತಿಸಿ, ಅದನ್ನೂ ಕೌದಿಯ ಬದಿಯನ್ನೂ ನಾಲ್ಕು ಸಮಭಾಗ ಮಾಡಿ, ಗುರುತಿಗೆ ಗುರುತು ಸೇರಿಸಿ ಪಿನ್ನು ಹಾಕಿ. ಹೊಲಿಯುವಾಗ ಕೌದಿ ಕೆಳಗಿರಲಿ, ಪಟ್ಟಿ ಮೇಲಿರಲಿ. ಯಂತ್ರದ ಹಲ್ಲುಗಳು ಕೆಳಗಿನ ಹೆಚ್ಚುವರಿ ಬಟ್ಟೆಯನ್ನು ಸ್ವಲ್ಪ ಸ್ವಲ್ಪವಾಗಿ ಒಳಗೆ ತೆಗೆದುಕೊಳ್ಳುತ್ತವೆ.

ಒಗೆದ ಮೇಲೆ ಬರುವ ಸಣ್ಣ ಸುಕ್ಕು ಬೇರೆಯೇ ವಿಷಯ. ಹತ್ತಿಯ ನಡುಪದರ ಮೊದಲ ಒಗೆತದಲ್ಲಿ ನೂರಕ್ಕೆ ಮೂರರಿಂದ ಐದರಷ್ಟು ಕುಗ್ಗುವುದು ಸಾಮಾನ್ಯ. ಆ ಸುಕ್ಕು ಕೌದಿಗೆ ಕಳೆ ತರುತ್ತದೆಯೇ ಹೊರತು ಕೆಡುಕಲ್ಲ.

ಮೂಲೆಯ ತುದಿ ಪೊಳ್ಳಾಗಿ, ಮೆತ್ತಗಾಗಿದೆ.

ಮೂಲೆಯ ನಡುಪದರವನ್ನು ಹೆಚ್ಚು ಕತ್ತರಿಸಿದ್ದೀರಿ. ದಪ್ಪ ಕಡಿಮೆ ಮಾಡಲೆಂದು ತುದಿಯನ್ನು ಕತ್ತರಿಸುವ ಸಲಹೆ ಅಲ್ಲಲ್ಲಿ ಸಿಗುತ್ತದೆ, ಜೋಡಿ ಮಡಿಕೆಗೆ ನಾನದನ್ನು ಒಪ್ಪುವುದಿಲ್ಲ. ಮೂಲೆಯ ಹೊಲಿಗೆ ಬಿಚ್ಚಿ, ನಡುಪದರದ ಪುಟ್ಟ ತುಂಡನ್ನು ಸೂಜಿಯ ಹಿಂತುದಿಯಿಂದ ಒಳಗೆ ತುರುಕಿ ಮತ್ತೆ ಮುಚ್ಚಿ.

ಅಜ್ಜಿ ಹೊಲಿದ ಕೌದಿಯ ಅಂಚು ಹರಿದಿದೆ. ಹಳೆಯ ಪಟ್ಟಿ ತೆಗೆಯಲೇ?

ತೆಗೆಯಬೇಡಿ. ಅವರ ಕೈಹೊಲಿಗೆಯೂ ಕೌದಿಯ ಭಾಗವೇ. ಬಿಚ್ಚುವಾಗ ಹಳೆಯ ಬಟ್ಟೆ ಇನ್ನಷ್ಟು ಹರಿಯುವ ಅಪಾಯವೂ ಇದೆ. ಸಡಿಲವಾದ ಎಳೆಗಳನ್ನು ಕಚ್ಚಾ ಹೊಲಿಗೆಯಿಂದ ನಿಲ್ಲಿಸಿ, ಹಳೆಯ ಪಟ್ಟಿಯ ಮೇಲೆಯೇ ಒಂದಿಷ್ಟು ಅಗಲವಾದ ಹೊಸ ಪಟ್ಟಿಯನ್ನು ಕೈಯಿಂದ ಹೊಲಿದು ಮುಚ್ಚಿ. ಬೇಕೆಂದಾಗ ಅದನ್ನು ಬಿಚ್ಚಿದರೆ ಹಳೆಯದು ಹಾಗೆಯೇ ಸಿಗುತ್ತದೆ. ನಿತ್ಯ ಬಳಸುವ, ಇತ್ತೀಚಿನ ಕೌದಿಯಾದರೆ ಮಾತ್ರ ಹಳೆಯದನ್ನು ತೆಗೆದು ಹೊಸದು ಹಾಕಿ.

## ಕೈ ಪಳಗಿದವರಿಗೆ

ದೊಡ್ಡ ಕೌದಿಗೆ ಕ್ರಾಸ್ ಪಟ್ಟಿ ಬೇಕು. ಒಂದೊಂದೇ ಓರೆ ತುಂಡು ಸೇರಿಸದೆ ಉದ್ದದ ಪಟ್ಟಿ ತೆಗೆಯಬಹುದೇ?

ಒಂದು ಚೌಕ ಬಟ್ಟೆಯಿಂದ ತೆಗೆಯಬಹುದು. 30 ಇಂಚಿನ ಚೌಕವನ್ನು ಕರ್ಣದಲ್ಲಿ ಕತ್ತರಿಸಿ ಎರಡು ತ್ರಿಕೋನ ಮಾಡಿ. ಅವುಗಳ ನೇರ ಬದಿಗಳಲ್ಲಿ ಒಂದೊಂದನ್ನು ಸೇರಿಸಿ ಹೊಲಿದರೆ ಓರೆ ಚತುರ್ಭುಜವಾಗುತ್ತದೆ. ಅದರ ಒಳಮೈ ಮೇಲೆ, ಓರೆ ಅಂಚಿಗೆ ಸಮಾನಾಂತರವಾಗಿ 2½ ಇಂಚಿಗೊಂದು ಗೆರೆ ಎಳೆಯಿರಿ. ಕೊನೆಯಲ್ಲಿ ಉಳಿಯುವ ಅರೆಬರೆ ಪಟ್ಟಿಯನ್ನು ಕತ್ತರಿಸಿ ತೆಗೆಯಿರಿ. ಇನ್ನುಳಿದ ಎರಡು ನೇರ ಬದಿಗಳನ್ನು ಸೇರಿಸಿ ಕೊಳವೆ ಮಾಡಬೇಕು, ಆದರೆ ಒಂದು ಗೆರೆಯಷ್ಟು ಜಾರಿಸಿ: ಒಂದು ಬದಿಯ ಮೊದಲ ಗೆರೆ ಇನ್ನೊಂದು ಬದಿಯ ತುದಿಗೆ ಬಂದು ಸೇರಬೇಕು. ಹೊಲಿದ ಮೇಲೆ ಗೆರೆ ಹಿಡಿದು ಕತ್ತರಿಸುತ್ತಾ ಹೋದರೆ ಸುರುಳಿಯಾಗಿ ಒಂದೇ ಪಟ್ಟಿ ಬರುತ್ತದೆ.

ಉದ್ದದ ಅಂದಾಜು ಸುಲಭ. ಚೌಕದ ವಿಸ್ತೀರ್ಣವನ್ನು ಪಟ್ಟಿಯ ಅಗಲದಿಂದ ಭಾಗಿಸಿ: 900ನ್ನು 2½ರಿಂದ ಭಾಗಿಸಿದರೆ 360. ಹೊಲಿಗೆಗೆ, ಉಳಿಕೆಗೆ ಹೋದದ್ದನ್ನು ಕಳೆದರೆ ಸುಮಾರು 330 ಇಂಚು ಕೈಗೆ ಸಿಗುತ್ತದೆ. ಮೇಲೆ ಲೆಕ್ಕ ಹಾಕಿದ 60 ಮತ್ತು 80 ಇಂಚಿನ ಕೌದಿಗೆ ಧಾರಾಳವಾಯಿತು.

ಕಮಲದ ದಳದಂತೆ ಬಾಗಿದ ಅಂಚಿಗೆ ಪಟ್ಟಿ ಕೂರಿಸುವಾಗ ಏನು ನೆನಪಿಡಬೇಕು?

ಬಾಗನ್ನು ಮೊದಲೇ ಕತ್ತರಿಸಬೇಡಿ. ಗೆರೆ ಎಳೆದು, ಆ ಗೆರೆಗೆ ಪಟ್ಟಿಯ ಕತ್ತರಿ ಅಂಚನ್ನು ಹೊಂದಿಸಿ ಹೊಲಿದು, ಆಮೇಲೆ ಕತ್ತರಿಸಿ. ಮೊದಲೇ ಕತ್ತರಿಸಿದ ಓರೆ ಅಂಚು ಕೈ ತಾಗಿದರೂ ಹಿಗ್ಗುತ್ತದೆ. ಹೊರಬಾಗಿನಲ್ಲಿ ಪಟ್ಟಿಯನ್ನು ಚೂರು ಸಡಿಲ ಬಿಟ್ಟು ಹೊಲಿಯಿರಿ, ಅದು ಹೊಲಿಗೆಗಿಂತ ಉದ್ದವಾದ ತುದಿಯನ್ನು ಸುತ್ತಿ ಬರಬೇಕು. ಒಳಬಾಗಿನಲ್ಲಿ ಚೂರು ಬಿಗಿ ಹಿಡಿಯಿರಿ. ಅಗಲ ಪಟ್ಟಿ ಬಾಗಿಗೆ ಒಗ್ಗುವುದಿಲ್ಲ, ಕಾಲು ಇಂಚು ಕಾಣುವಂತಿರಲಿ.

ಎರಡು ದಳಗಳ ನಡುವಿನ ಕೊರಕಲಿಗೆ ಬಂದಾಗ ಸೂಜಿ ಕೆಳಗಿಟ್ಟೇ ತಿರುಗಿಸಿ. ಪದರಗಳನ್ನು ಕೊರಕಲಿನಲ್ಲಿ ಹೊಲಿಗೆಯ ಗೆರೆಯ ಹತ್ತಿರದವರೆಗೆ ಕತ್ತರಿಯ ತುದಿಯಿಂದ ಸೀಳಿದರೆ ಅಂಚು ತೆರೆದುಕೊಂಡು ಸರಳವಾಗುತ್ತದೆ. ಪಟ್ಟಿಗೆ ಅಲ್ಲಿ ಮಡಿಕೆ ಹಾಕಬೇಡಿ, ಹಿಂದಕ್ಕೆ ತಿರುಗಿಸಿದಾಗ ತಾನೇ ಸಣ್ಣ ಮಡಿಕೆಯಾಗಿ ಕೂರುತ್ತದೆ.

ಆರು ಮೂಲೆಯ ಕೌದಿಗೆ 45 ಡಿಗ್ರಿಯ ಮಡಿಕೆ ಹೊಂದುತ್ತಿಲ್ಲ.

ಹೊಂದುವುದಿಲ್ಲ, ಅಲ್ಲಿನ ಕೋನ 120 ಡಿಗ್ರಿ. ಎರಡೂ ಬದಿಗಳ ಹೊಲಿಗೆಯ ಗೆರೆಗಳನ್ನು ಪೆನ್ಸಿಲಿನಲ್ಲಿ ಎಳೆದು ಅವು ಕೂಡುವ ಬಿಂದುವನ್ನು ಗುರುತಿಸಿ. ಆ ಬಿಂದುವಿನಲ್ಲಿ ನಿಲ್ಲಿಸಿ, ಹೊಲಿಗೆ ಗಟ್ಟಿ ಮಾಡಿ, ಪಟ್ಟಿಯನ್ನು ಮುಂದಿನ ಬದಿಗೆ ಹೊಂದುವಂತೆ ತಿರುಗಿಸಿ ಮಡಿಕೆಯನ್ನು ಮೂಲೆಯ ತುದಿಗೆ ಕೂರಿಸಿ. ಮಡಿಕೆ ಚಿಕ್ಕದಾಗಿ ಬರುತ್ತದೆ, ಅಷ್ಟೇ. ಬಿಂದು ಗುರುತಿಸುವ ಈ ಕ್ರಮ ಯಾವ ಕೋನಕ್ಕೂ ನಡೆಯುತ್ತದೆ.

ಪಟ್ಟಿಯ ಒಳಬದಿಗೆ ಬೇರೆ ಬಣ್ಣದ ಸಣ್ಣ ಗೆರೆ ಕಾಣುವ ಅಂಚನ್ನು ಹೇಗೆ ಮಾಡುತ್ತಾರೆ?

ಮುಖ್ಯ ಬಣ್ಣದ ಪಟ್ಟಿ 1½ ಇಂಚು, ಗೆರೆಯ ಬಣ್ಣದ್ದು 1¾ ಇಂಚು ಕತ್ತರಿಸಿ. ಎರಡನ್ನೂ ಉದ್ದಕ್ಕೂ ಕಾಲು ಇಂಚಿನಲ್ಲಿ ಸೇರಿಸಿ ಹೊಲಿದು, ಹೊಲಿಗೆಯನ್ನು ಮುಖ್ಯ ಬಣ್ಣದ ಕಡೆಗೆ ಒರಗಿಸಿ ಇಸ್ತ್ರಿ ಮಾಡಿ. 2¾ ಇಂಚಿನ ಈ ಪಟ್ಟಿಯನ್ನು ಅರ್ಧಕ್ಕೆ ಮಡಚಿದಾಗ ಮಡಿಕೆಯ ತುದಿಯಲ್ಲಿ ಎರಡನೆಯ ಬಣ್ಣ 1/8 ಇಂಚು ಇಣುಕುತ್ತದೆ. ಎರಡನೆಯ ಬಣ್ಣ ಮೇಲ್ಮುಖವಾಗಿರುವಂತೆ ಕೌದಿಯ ಹಿಂಬದಿಗೆ 3/8 ಇಂಚಿನಲ್ಲಿ ಹೊಲಿಯಿರಿ. ಮುಂಬದಿಗೆ ಮಡಚಿ ತಂದು, ಎರಡು ಬಣ್ಣ ಕೂಡುವ ಸಂದಿನಲ್ಲೇ ಗೆರೆಯ ಬಣ್ಣದ ದಾರದಿಂದ ಯಂತ್ರದ ಹೊಲಿಗೆ ಹಾಕಿ. ಹೊಲಿಗೆ ಸಂದಿನಲ್ಲಿ ಅಡಗುತ್ತದೆ.

ಗೋಡೆಗೆ ತೂಗುಹಾಕುವ ಕೆಲಸಕ್ಕೆ ಅಂಚು ಕಾಣಲೇಬಾರದು. ದಾರಿಯಿದೆಯೇ?

ಪಟ್ಟಿಯನ್ನು ಪೂರ್ತಿ ಹಿಂಬದಿಗೆ ತಿರುಗಿಸಿಬಿಡಿ. ಸುಮಾರು 2½ ಇಂಚಿನ ನಾಲ್ಕು ಬಿಡಿ ಪಟ್ಟಿಗಳನ್ನು, ಒಂದು ಉದ್ದ ಅಂಚನ್ನು ಒಳಗೆ ಮಡಚಿ ಇಸ್ತ್ರಿ ಮಾಡಿಕೊಂಡು, ಮುಂಬದಿಗೆ ಹೊರಮೈಗೆ ಹೊರಮೈ ತಾಗುವಂತೆ ಕಾಲು ಇಂಚಿನಲ್ಲಿ ಹೊಲಿಯಿರಿ. ಹೊಲಿಗೆಯ ಬಟ್ಟೆಯನ್ನು ಪಟ್ಟಿಯ ಕಡೆ ಒರಗಿಸಿ, ಪಟ್ಟಿಯ ಮೇಲೆ 1/8 ಇಂಚಿನಲ್ಲಿ ಇನ್ನೊಂದು ಹೊಲಿಗೆ ಹಾಕಿ. ಈ ಹೊಲಿಗೆ ಹಾಕದಿದ್ದರೆ ಪಟ್ಟಿ ಮುಂದಕ್ಕೆ ಉರುಳಿ ಇಣುಕುತ್ತದೆ. ಮೂಲೆಯ ಹೆಚ್ಚುವರಿ ಪದರಗಳನ್ನು ಓರೆಯಾಗಿ ಕತ್ತರಿಸಿ ತೆಳುವಾಗಿಸಿ, ಪಟ್ಟಿಯನ್ನು ಹಿಂದಕ್ಕೆ ತಿರುಗಿಸಿ ಕೈಯಿಂದ ಹೊಲಿಯಿರಿ. ಸವೆತವನ್ನು ತಡೆಯುವ ಪಟ್ಟಿ ಇದಲ್ಲ, ಆದ್ದರಿಂದ ಹೊದೆಯುವ ಕೌದಿಗೆ ಇದನ್ನು ಹಾಕಬೇಡಿ.